ಬೋರ್ಡೋ ಕಲಸುವಾಗ ಯಾವುದಕ್ಕೆ ಯಾವುದನ್ನು ಸುರಿಯಬೇಕು?

ಅಡಿಕೆ ಕೊಳೆತು ಉದುರುವ ಕೊಳೆರೋಗ ತಡೆಯಲು ಮೈಲುತುತ್ತ (ಕಾಪರ್ ಸಲ್ಫೇಟ್ ಎಂಬ ತಾಮ್ರದ ನೀಲಿ ಹರಳು) ಮತ್ತು ಸುಣ್ಣ ಕಲಸಿ ಹೊಡೆಯುವ ಮದ್ದನ್ನು ಬೋರ್ಡೋ ದ್ರಾವಣ ಅಂತ ನಾವೆಲ್ಲ ಕರೆಯುತ್ತೇವೆ. ಅದು ದ್ರಾವಣವೇ ಅಲ್ಲ. ಉಪ್ಪು ನೀರಲ್ಲಿ ಕರಗುವ ಹಾಗೆ ಈ ಮದ್ದು ಕರಗಿರುವುದಿಲ್ಲ. ತೀರಾ ಸಣ್ಣ ನೀಲಿ ಕಣಗಳು ನೀರಿನ ತುಂಬ ಹರಡಿಕೊಂಡು ತೇಲುತ್ತಿರುತ್ತವೆ, ಅಷ್ಟೆ. ಕಣ ನಯವಾಗಿದ್ದಷ್ಟೂ ಜಾಸ್ತಿ ಹೊತ್ತು ತೇಲುತ್ತದೆ, ಅಡಿಕೆಗೆ ಗಟ್ಟಿಯಾಗಿ ಅಂಟುತ್ತದೆ. ದಪ್ಪಗಾದರೆ ಬ್ಯಾರಲ್ಲಿನ ತಳಕ್ಕೆ ಕೂರುತ್ತದೆ.

ನನಗೆ ಇದು ಗೊತ್ತಾಗಿದ್ದು ಹೆಡ್ಡತನ ಮಾಡಿದ ಮೇಲೆ. ಅಪ್ಪ ಹಾಸಿಗೆ ಹಿಡಿದ ವರ್ಷ ಮೊದಲ ಸಲ ನಾನೇ ಮದ್ದು ಕಲಸಿದೆ. ತುತ್ತದ ನೀರಿಗೆ ಬಿಸಿ ಆರದ ಸುಣ್ಣವನ್ನು ದಬದಬ ಸುರಿದೆ. ಹಾಲು ಒಡೆದ ಹಾಗಾಯಿತು. ಅರ್ಧ ಗಂಟೆಯಲ್ಲಿ ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡ ಮೇಲಿಂದ ಕೂಗಿದ, "ಹೆಗ್ಡೇರೇ, ನಾಝಲ್ಲು ಕಟ್ತು!" ಬಿಚ್ಚಿ ತೊಳೆದು ಕೊಟ್ಟರೆ ಮತ್ತೆ ಕಟ್ಟಿತು. ಆ ದಿನ ಹೊಡೆದ ಮರಗಳಲ್ಲೇ ಆ ಮಳೆಗಾಲ ಜಾಸ್ತಿ ಕೊಳೆ. ಬೆಳಿಗ್ಗೆ ತೋಟಕ್ಕೆ ಇಳಿದರೆ ಹಸಿರು ಅಡಿಕೆ ಬುಡದಲ್ಲಿ ಹಾಸಿದ ಹಾಗೆ ಬಿದ್ದಿರುತ್ತಿತ್ತು.

ಈಗ ನಾನು ಮಾಡುವ ಕ್ರಮ ಹೇಳುತ್ತೇನೆ. ಅಳತೆ ಎಲ್ಲರಿಗೂ ಗೊತ್ತಿರುವುದೇ. 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು. ಇದೇ ಶೇಕಡಾ 1ರ ಬೋರ್ಡೋ. ನೀರನ್ನು 50-50 ಲೀಟರ್ ಎರಡು ಪಾಲು ಮಾಡಿ. ಬ್ಯಾರಲ್ ಪ್ಲಾಸ್ಟಿಕ್ಕಿನದೇ ಇರಲಿ. ಕಬ್ಬಿಣ ಅಥವಾ ತಗಡಿನ ಡ್ರಮ್ ಬೇಡ, ತುತ್ತ ಅದನ್ನು ತಿಂದುಹಾಕುತ್ತದೆ.

ತುತ್ತವನ್ನು ಹಿಂದಿನ ರಾತ್ರಿಯೇ ನೆನೆಹಾಕಿ. ತಳಕ್ಕೆ ಸುರಿಯಬೇಡಿ. ಬಟ್ಟೆಯಲ್ಲಿ ಗಂಟು ಕಟ್ಟಿ, ಬ್ಯಾರಲ್ಲಿನ ಬಾಯಿಗೆ ಕೋಲು ಅಡ್ಡ ಇಟ್ಟು, ಗಂಟು ನೀರಿನ ಮೇಲ್ಭಾಗದಲ್ಲಿ ಮುಳುಗುವಂತೆ ತೂಗುಹಾಕಿ. ಒಮ್ಮೆ ಗಾಜಿನ ಲೋಟದಲ್ಲಿ ಹೀಗೆ ಮಾಡಿ ನೋಡಿ, ಚೆಂದ ಇರುತ್ತದೆ. ಗಂಟಿನಿಂದ ನೀಲಿ ಎಳೆಗಳು ಜಾರಿ ಜಾರಿ ಕೆಳಗೆ ಇಳಿಯುತ್ತವೆ. ತುತ್ತ ಕರಗಿದ ನೀರು ಭಾರ, ಅದು ತಳಕ್ಕೆ ಹೋಗುತ್ತದೆ. ಆ ಜಾಗಕ್ಕೆ ತಿಳಿ ನೀರು ಬರುತ್ತದೆ. ಯಾರೂ ಕಲಕದೆ ಬೆಳಗಾಗುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ತಳಕ್ಕೆ ಸುರಿದರೆ ಭಾರದ ನೀರು ಹರಳಿನ ಮೇಲೇ ಕೂತುಬಿಡುತ್ತದೆ. ಹರಳು ಹಾಗೇ ಉಳಿಯುತ್ತದೆ.

ಸುಣ್ಣ ಹೊಸದಾಗಿ ಸುಟ್ಟದ್ದೇ ಬೇಕು. ಹೋದ ವರ್ಷದ ಉಳಿಕೆ ಚೀಲ ಬಳಸಬೇಡಿ, ಗಾಳಿ ಹಿಡಿದ ಸುಣ್ಣ ಬರೀ ಸೀಮೆಸುಣ್ಣದ ಪುಡಿ. ಸ್ವಲ್ಪ ಸ್ವಲ್ಪವೇ ನೀರು ಚಿಮುಕಿಸಿ ಅರಳಿಸಿ. ಕುದಿಯುತ್ತದೆ, ಸಿಡಿಯುತ್ತದೆ, ಕಣ್ಣು ಜೋಪಾನ. ಅರಳಿದ ಮೇಲೆ ಉಳಿದ ನೀರು ಸೇರಿಸಿ ಬಟ್ಟೆಯಲ್ಲಿ ಸೋಸಿ. ಆಮೇಲೆ ಪೂರ್ತಿ ತಣ್ಣಗಾಗುವ ತನಕ ಬಿಡಿ. ಬಿಸಿಯಲ್ಲಿ ಕಲಸಿದರೆ ಕಣ ದಪ್ಪಗಾಗುತ್ತದೆ.

ಇನ್ನು ಮುಖ್ಯವಾದದ್ದು. ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು. ಒಬ್ಬರು ಸಣ್ಣ ಧಾರೆಯಾಗಿ ಹುಯ್ಯಬೇಕು, ಇನ್ನೊಬ್ಬರು ಬಿಡದೆ ತಿರುಗಿಸುತ್ತಿರಬೇಕು. ಆಗ ಬೀಳುವ ಪ್ರತಿ ಹನಿ ತುತ್ತದ ಸುತ್ತಲೂ ಬೇಕಾದಷ್ಟು ಸುಣ್ಣ ಇರುತ್ತದೆ. ಬಿದ್ದ ಕೂಡಲೇ ಲೋಳೆಯಂಥ ನಯ ಕಣವಾಗಿ ಹರಡುತ್ತದೆ. ಉಲ್ಟಾ ಮಾಡಿದರೆ ನನ್ನ ಕಥೆ ಆಗುತ್ತದೆ. ಮೂರನೇ ಬ್ಯಾರಲ್ ಇದ್ದರೆ ಎರಡನ್ನೂ ಒಟ್ಟಿಗೆ ಅದಕ್ಕೆ ಸುರಿಯಬಹುದು, ಅದೂ ಸರಿಯೇ. ಬಣ್ಣ ತಿಳಿ ಆಕಾಶದ ನೀಲಿ ಬರಬೇಕು.

ಕಲಸಿದ ಮೇಲೆ ತೊಳೆದ, ತುಕ್ಕಿಲ್ಲದ ಕತ್ತಿಯನ್ನು ಒಂದೆರಡು ನಿಮಿಷ ಅದ್ದಿಡಿ. ಅಲಗಿನ ಮೇಲೆ ಕೆಂಪು ಲೇಪ ಬಂದರೆ ತುತ್ತ ಇನ್ನೂ ಬಿಡಿಯಾಗಿ ಉಳಿದಿದೆ ಅಂತ ಅರ್ಥ. ಆ ಕೆಂಪು ತಾಮ್ರವೇ. ಹಾಗೇ ಹೊಡೆದರೆ ಎಳೆಕಾಯಿ ಸುಟ್ಟುಹೋಗುತ್ತದೆ. ಸ್ವಲ್ಪ ಸುಣ್ಣದ ನೀರು ಹಾಕಿ, ಮತ್ತೆ ಅದ್ದಿ ನೋಡಿ. ನಾನು ಇನ್ನೊಂದು ಪರೀಕ್ಷೆಯನ್ನೂ ಮಾಡುತ್ತೇನೆ. ಒಂದು ಗಾಜಿನ ಬಾಟಲಿಗೆ ಮದ್ದು ತುಂಬಿ ಕಟ್ಟೆಯ ಮೇಲೆ ಇಟ್ಟು ಚಾ ಕುಡಿಯಲು ಕೂರುತ್ತೇನೆ. ಚಾ ಮುಗಿಯುವಷ್ಟರಲ್ಲೇ ಮೇಲೆ ತಿಳಿ ನೀರು, ಕೆಳಗೆ ಗಸಿ ಆಗಿದ್ದರೆ ಎಲ್ಲೋ ಎಡವಟ್ಟಾಗಿದೆ.

ಕಲಸಿದ ಮದ್ದನ್ನು ಅವತ್ತೇ ಮುಗಿಸಿ. ರಾತ್ರಿ ಇಟ್ಟರೆ ಕಣಗಳು ಬೆಳೆದು ಹರಳಾಗುತ್ತವೆ. ಬೆಳಿಗ್ಗೆ ಎಷ್ಟು ತಿರುಗಿಸಿದರೂ ಹಳೆಯ ನಯ ವಾಪಸ್ ಬರುವುದಿಲ್ಲ. ಹೊಡೆಯುವಾಗಲೂ ಬ್ಯಾರಲ್ಲಿಗೆ ಕೋಲು ಹಾಕಿ ತಿರುಗಿಸಲು ಒಬ್ಬರು ಇರಲಿ. ನಮ್ಮಲ್ಲಿ ಆ ಕೆಲಸ ಮಗಳದ್ದು, ಅವಳಿಗೆ ಅದು ಬೇಜಾರೋ ಬೇಜಾರು. ಮದ್ದು ಕಾಯಿಗೆ ಅಂಟಿ ಹಿಡಿಯಲಿ ಅಂತ ರಾಳ-ಸೋಡಾ ಕಾಯಿಸಿ ಹಾಕುವವರಿದ್ದಾರೆ. ನಾನು ಅಂಗಡಿಯ ಅಂಟು ತಂದು ಪೊಟ್ಟಣದಲ್ಲಿ ಹೇಳಿದಷ್ಟು ಹಾಕುತ್ತೇನೆ.

ಮೊದಲ ಸುತ್ತು ಮುಂಗಾರು ಹಿಡಿಯುವ ಮುಂಚೆ. ಎರಡನೆಯದು 40-45 ದಿನ ಬಿಟ್ಟು, ಮಳೆ ಬಿಟ್ಟು ಹೊಳವಾದ ದಿನ ನೋಡಿಕೊಂಡು. ಕೊನೆ, ಅಂದರೆ ಅಡಿಕೆ ಗೊಂಚಲು, ಪೂರ್ತಿ ನೆನೆಯಬೇಕು, ಆಮೇಲೆ ಒಣಗಲು ಸ್ವಲ್ಪ ಬಿಸಿಲೂ ಬೇಕು. ಒಣಗಿದ ಆ ತೆಳು ಪದರದಿಂದ ಮಳೆಯಲ್ಲಿ ಚೂರು ಚೂರೇ ತಾಮ್ರ ಬಿಟ್ಟುಕೊಂಡು ಕೊಳೆಯ ಬೀಜಾಣು ಮೊಳೆಯದ ಹಾಗೆ ತಡೆಯುತ್ತದೆ. ಕೊಳೆ ಒಳಹೊಕ್ಕ ಮೇಲೆ ಹೊಡೆದು ಆ ಕಾಯಿ ಉಳಿಸಲು ಆಗುವುದಿಲ್ಲ.

ಅಂದಹಾಗೆ, ಇದು ಫ್ರಾನ್ಸಿನ ಬೋರ್ಡೋ ಊರಿನ ದ್ರಾಕ್ಷಿ ತೋಟಗಳಿಂದ ಬಂದ ಮದ್ದು. ದಾರಿಹೋಕರು ಹಣ್ಣು ಕೀಳದಿರಲಿ ಅಂತ ರಸ್ತೆ ಬದಿಯ ಬಳ್ಳಿಗೆ ತುತ್ತ-ಸುಣ್ಣ ಬಳಿದಿದ್ದರಂತೆ. ಆ ಬಳ್ಳಿಗೆ ರೋಗ ಬಾರದ್ದನ್ನು ಮಿಲಾರ್ಡೆ ಎಂಬ ವಿಜ್ಞಾನಿ ಗಮನಿಸಿ 1885ರಲ್ಲಿ ಪ್ರಕಟಿಸಿದರು. ನಮ್ಮ ಅಡಿಕೆಗೆ ಅದನ್ನು ಹೊಂದಿಸಿದ್ದು ಮೈಸೂರು ಸರ್ಕಾರದಲ್ಲಿದ್ದ ಲೆಸ್ಲಿ ಕೋಲ್ಮನ್. ಕೊಳೆರೋಗದ ಮೇಲೆ ಅವರ ಬರಹ ಬಂದಿದ್ದು 1910ರಲ್ಲಿ.

ಕೊನೆಗೆ ಬ್ಯಾರಲ್ ತೊಳೆಯುವ ವಿಷಯ. ಹಳ್ಳಕ್ಕೆ ಒಯ್ಯಬೇಡಿ. ತಾಮ್ರ ಮೀನಿಗೆ ವಿಷ. ಮಣ್ಣಿಗೆ ಬಿದ್ದದ್ದೂ ಕೊಳೆತು ಹೋಗುವುದಿಲ್ಲ, ವರ್ಷ ವರ್ಷ ಅಲ್ಲೇ ಸೇರುತ್ತದೆ. ಅದಕ್ಕೇ ನಾನು ಮರ ಎಣಿಸಿಕೊಂಡು ಬೇಕಾದಷ್ಟೇ ಕಲಸುತ್ತೇನೆ. ತೊಳೆದ ನೀರನ್ನೂ ಪಂಪಿಗೇ ಹಾಕಿ, ಅಂಚಿನ ನಾಲ್ಕು ಮರಗಳ ಕೊನೆಗೆ ಹೊಡೆಸಿಬಿಡುತ್ತೇನೆ. ಪ್ರತಿ ವರ್ಷ ಬೇರೆ ನಾಲ್ಕು ಮರ.