ನಾಯಿಮರಿಗೆ ಒಂದು ಚುಚ್ಚುಮದ್ದು ಸಾಲದು

"ಒಂದು ಇಂಜೆಕ್ಷನ್ ಆಗಿದೆ, ಇನ್ನೇನು ಭಯವಿಲ್ಲ" ಎಂದು ಪುಟ್ಟ ಮರಿಯನ್ನು ಬೀದಿಗಿಳಿಸುವವರನ್ನು ಕಂಡರೆ ನನಗೆ ಕಳವಳವಾಗುತ್ತದೆ. ವಾಂತಿ, ರಕ್ತಭೇದಿ ತರುವ ಪಾರ್ವೊ ಎಂಬ ವೈರಸ್ ರೋಗ ಹೆಚ್ಚಾಗಿ ಎರಗುವುದೇ ಆರು ವಾರದಿಂದ ಆರು ತಿಂಗಳೊಳಗಿನ ಮರಿಗಳ ಮೇಲೆ. ಹುಟ್ಟಿದ ಹೊಸದರಲ್ಲಿ ತಾಯಿಯ ಹಾಲಿನಿಂದ ಬಂದ ಪ್ರತಿಕಾಯಗಳು ಮರಿಯನ್ನು ಕಾಯುತ್ತವೆ. ಅವು ಮೈಯಲ್ಲಿರುವಷ್ಟು ದಿನ ಲಸಿಕೆಯನ್ನೂ ನಾಟಲು ಬಿಡುವುದಿಲ್ಲ. ಅವು ಯಾವ ವಾರದಲ್ಲಿ ಕರಗುತ್ತವೆಂದು ಹೇಳಲಾಗದು, ಒಂದೇ ಸೂಲಿನ ಮರಿಗಳಲ್ಲೂ ವ್ಯತ್ಯಾಸವಿರುತ್ತದೆ. ಅದಕ್ಕೇ 6ರಿಂದ 8ನೇ ವಾರದಲ್ಲಿ ಶುರು ಮಾಡಿ, ಎರಡರಿಂದ ನಾಲ್ಕು ವಾರಕ್ಕೊಮ್ಮೆ, 16 ವಾರ ತುಂಬುವವರೆಗೂ ಲಸಿಕೆ ಹಾಕಿಸುತ್ತಾ ಹೋಗಬೇಕು. ಕಾರ್ಡಿನಲ್ಲಿ ಕೊನೆಯ ತಾರೀಖು 16 ವಾರಕ್ಕಿಂತ ಮುಂಚಿನದಾಗಿದ್ದರೆ ಮತ್ತೊಂದು ಬೇಕೇ ಎಂದು ವೈದ್ಯರನ್ನು ಬಾಯಿಬಿಟ್ಟು ಕೇಳಿ. ವರ್ಷ ತುಂಬುವುದರೊಳಗೆ ಬೂಸ್ಟರ್ ಮರೆಯಬೇಡಿ.

ಈ ವೈರಸ್ ರೋಗ ಬಂದ ನಾಯಿಯ ಮಲದಲ್ಲಿ ಕೋಟಿಗಟ್ಟಲೆ ಹೊರಬೀಳುತ್ತದೆ. ಲಕ್ಷಣ ಕಾಣುವ ಮುಂಚೆಯೇ ಬೀಳಲಾರಂಭಿಸಿ, ನಾಯಿ ಚೇತರಿಸಿಕೊಂಡ ಮೇಲೂ ಕೆಲವು ದಿನ ಬೀಳುತ್ತಲೇ ಇರುತ್ತದೆ. ಮಣ್ಣಿನಲ್ಲಿ, ನೆರಳಿನ ಮೂಲೆಗಳಲ್ಲಿ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ. ಹಾಗಾಗಿ ಮರಿ ಹೊಸಿಲು ದಾಟದಿದ್ದರೂ ರೋಗ ಮನೆಗೆ ಬರಬಲ್ಲದು, ನಮ್ಮ ಚಪ್ಪಲಿಯ ಅಟ್ಟೆಗೆ ಅಂಟಿಕೊಂಡು. ಬೀದಿ ನಾಯಿಗಳು ಓಡಾಡುವ ಫುಟ್‌ಪಾತು, ಅಪಾರ್ಟ್‌ಮೆಂಟಿನ ಲಿಫ್ಟು, ಪಾರ್ಕಿನ ಹುಲ್ಲು ದಾಟಿ ಬಂದ ಚಪ್ಪಲಿಗಳು ಬಾಗಿಲ ಹೊರಗೇ ಇರಲಿ. ಬೀದಿ ನಾಯಿಗೆ ಅನ್ನ ಹಾಕುವುದು ಒಳ್ಳೆಯ ಕೆಲಸ. ಆದರೆ ಆ ತಟ್ಟೆ ಒಳಗೆ ಬರಬಾರದು, ಕೈಕಾಲು ಸೋಪಿನಲ್ಲಿ ತೊಳೆದ ಮೇಲೆಯೇ ಮರಿಯನ್ನು ಮುಟ್ಟಿ. ಲಸಿಕೆಗಳು ಮುಗಿಯುವವರೆಗೆ ಮರಿಗೆ ಲೋಕ ತೋರಿಸಬೇಕೆಂದರೆ ಎತ್ತಿಕೊಂಡು ತೋರಿಸಿ, ನೆಲಕ್ಕೆ ಬಿಡಬೇಡಿ. ಮನುಷ್ಯರಿಗೆ ಇದು ಅಂಟುವುದಿಲ್ಲ, ಮಕ್ಕಳಿರುವ ಮನೆಯವರು ಹೆದರಬೇಕಿಲ್ಲ. ಬೆಕ್ಕುಗಳಿಗೆ ಇದೇ ಕುಲದ ಬೇರೊಂದು ಮಾರಿ ಇದೆ, ಅವುಗಳ ಲಸಿಕೆಯೂ ಬೇರೆ.

ನೆಲ ಒರೆಸುವ ವಿಷಯಕ್ಕೆ ಬರೋಣ. ಫಿನಾಯಿಲ್ ವಾಸನೆ ಮೂಗಿಗೆ ಬಡಿದರೆ ಮನೆ ಶುದ್ಧವಾಯಿತೆಂದು ನಮ್ಮಲ್ಲಿ ನಂಬಿಕೆ. ಪಾರ್ವೊ ಮುಂದೆ ಅದು ನಿಷ್ಪ್ರಯೋಜಕ, ಕೈಗೆ ಹಚ್ಚುವ ಸ್ಯಾನಿಟೈಸರನ್ನೂ ನೆಚ್ಚಿಕೊಳ್ಳುವಂತಿಲ್ಲ. ಕೆಲಸಕ್ಕೆ ಬರುವುದು ಬಟ್ಟೆಗೆ ಹಾಕುವ ಬ್ಲೀಚ್ ದ್ರಾವಣ, ಅಂದರೆ ಸೋಡಿಯಂ ಹೈಪೋಕ್ಲೋರೈಟ್. ಒಂದು ಲೀಟರ್ ನೀರಿಗೆ 30 ಮಿಲಿ ಲೀಟರಿನಷ್ಟು ಬೆರೆಸಿ. ಆದರೆ ಮೊದಲು ಮಲ, ವಾಂತಿಯನ್ನೆಲ್ಲ ತೆಗೆದು ಸೋಪಿನ ನೀರಿನಲ್ಲಿ ಉಜ್ಜಿ ತೊಳೆಯಲೇಬೇಕು. ಕೊಳೆಯ ಮೇಲೆ ಸುರಿದ ಬ್ಲೀಚ್ ಕೊಳೆಯಲ್ಲೇ ಸತ್ವ ಕಳೆದುಕೊಳ್ಳುತ್ತದೆ. ಆಮೇಲೆ ದ್ರಾವಣ ಹಾಕಿ ಹತ್ತು ನಿಮಿಷ ಒದ್ದೆಯಾಗಿಯೇ ಬಿಟ್ಟು, ಚೆನ್ನಾಗಿ ನೀರು ಹಾಯಿಸಿ. ಆಯಾ ದಿನಕ್ಕೆ ಬೇಕಾದಷ್ಟನ್ನೇ ಕಲಸಿಕೊಳ್ಳಿ. ಕಿಟಕಿ ತೆರೆದಿರಲಿ, ಮರಿ ಬೇರೆ ಕೋಣೆಯಲ್ಲಿರಲಿ. ಬಚ್ಚಲು ತೊಳೆಯುವ ಆಸಿಡ್ಡಿನ ಜೊತೆ ಬ್ಲೀಚನ್ನು ಯಾವ ಕಾರಣಕ್ಕೂ ಬೆರೆಸಬೇಡಿ, ವಿಷಾನಿಲ ಏಳುತ್ತದೆ. ರೋಗಿ ಮರಿ ಮಲಗಿದ್ದ ಗೋಣಿಚೀಲ, ಹಳೆಯ ಹಾಸಿಗೆಯನ್ನು ಒಗೆಯುವ ಆಸೆ ಬಿಟ್ಟು ಚೀಲದಲ್ಲಿ ಕಟ್ಟಿ ಎಸೆಯಿರಿ. ಕೈತೋಟದ ಮಣ್ಣನ್ನು ಬ್ಲೀಚಿನಿಂದ ಶುದ್ಧ ಮಾಡಲಾಗದು. ಪಾರ್ವೊ ಬಂದು ಹೋದ ಮನೆಗೆ ಲಸಿಕೆ ಪೂರ್ತಿಯಾದ ನಾಯಿಯನ್ನು ಮಾತ್ರ ತನ್ನಿ.

ಮರಿ ಮಂಕಾಗಿ ಮೂಲೆ ಹಿಡಿದು, ಊಟ ಬಿಟ್ಟು, ವಾಂತಿ ಮಾಡಿ, ರಕ್ತ ಬೆರೆತ ಗಬ್ಬುವಾಸನೆಯ ಭೇದಿ ಶುರುವಾದರೆ ಮೊಸರನ್ನ, ಗಂಜಿ, ಸೊಪ್ಪಿನ ರಸ ಎಂದು ಕಾಯುತ್ತಾ ಕೂರಬೇಡಿ. ಮನುಷ್ಯರ ಮಾತ್ರೆ ಬೇಡವೇ ಬೇಡ. ಚಿಕ್ಕ ಮೈಯಲ್ಲಿ ನೀರು ಬತ್ತುವುದಕ್ಕೆ ಹೆಚ್ಚು ಹೊತ್ತು ಬೇಕಿಲ್ಲ, ಆಗ ಉಳಿಸುವುದು ನರಕ್ಕೆ ಏರಿಸುವ ಡ್ರಿಪ್. ವೈರಸ್ಸನ್ನೇ ಕೊಲ್ಲುವ ಮಾತ್ರೆ ಮೆಡಿಕಲ್ ಶಾಪಿನಲ್ಲಿ ಸಿಗುವುದಿಲ್ಲ. ಬೇಗ ಚಿಕಿತ್ಸೆ ಸಿಕ್ಕ ಮರಿಗಳು ಮಾತ್ರ ಬಹುಪಾಲು ಬದುಕುತ್ತವೆ. ಹತ್ತಿರದ ವೈದ್ಯರು ಸಿಗದಿದ್ದರೆ ಬೆಂಗಳೂರಿನಲ್ಲಿ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ, ಕ್ವೀನ್ಸ್ ರಸ್ತೆಯಲ್ಲಿ ಸರ್ಕಾರಿ ಪಶು ಆಸ್ಪತ್ರೆಯಿದೆ. ಹೋಗುವಾಗ ಆಟೊ ಸೀಟಿನ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ. ಅಲ್ಲಿ ಲಸಿಕೆಗೆಂದು ಬಂದ ಎಳೆಯ ಮರಿಗಳು ಕಾಯುತ್ತಿರುತ್ತವೆ. ನಿಮ್ಮ ಮರಿಯನ್ನು ಹೊರಗೇ ಮಡಿಲಲ್ಲಿಟ್ಟುಕೊಂಡು, ಜೊತೆಗೆ ಬಂದವರನ್ನು ಒಳಗೆ ಕಳಿಸಿ ಪಾರ್ವೊ ಅನುಮಾನವಿದೆ ಎಂದು ಮೊದಲು ತಿಳಿಸಿ.