ಒಗ್ಗರಣೆ ಸೌಟಿನಲ್ಲಿ ಕರುಮೆಯಾಕಿ

ಸಕ್ಕರೆ, ಸೋಡಾ, ಬೆಂಕಿ. ಕರುಮೆಯಾಕಿಗೆ ಬೇಕಾಗುವುದು ಹೆಚ್ಚುಕಡಿಮೆ ಇಷ್ಟೇ. ಜಪಾನಿನಲ್ಲಿ ಈಗ ಅಜ್ಜ ಅಜ್ಜಿಯಾಗಿರುವವರು ಚಿಕ್ಕವರಿದ್ದಾಗ ಜಾತ್ರೆಯಲ್ಲಿ ನಿಂತು ತಿಂದ, ಸಕ್ಕರೆ ಪಾಕ ಉಬ್ಬಿಸಿ ಮಾಡುವ ತಿಂಡಿ ಇದು. ಮಕ್ಕಳು ಚಿಲ್ಲರೆ ಕಾಸಿಗೆ ಕೊಳ್ಳುವ ಇಂಥ ತಿಂಡಿಗೆಲ್ಲ ಇಲ್ಲಿ ದಗಾಶಿ ಎನ್ನುತ್ತಾರೆ. ನಾನಿರುವ, ಟೋಕಿಯೊ ಹತ್ತಿರದ ಊರು ಕವಾಗೋಯೆಯಲ್ಲಿ ದಗಾಶಿ ಅಂಗಡಿಗಳದ್ದೇ ಒಂದು ಓಣಿ ಇದೆ, ಕಶಿಯಾ ಯೊಕೊಚೊ. 1923ರ ಭೂಕಂಪಕ್ಕೆ ಟೋಕಿಯೊ ನೆಲಕಚ್ಚಿದಾಗ ಅಲ್ಲಿಗೆ ಮಿಠಾಯಿ ಹೋಗುತ್ತಿದ್ದದ್ದು ಇಲ್ಲಿಂದ. ಆಮೇಲೆ 70ಕ್ಕೂ ಹೆಚ್ಚು ಅಂಗಡಿಗಳಾದವು. ಈಗ ಉಳಿದಿರುವುದು ಅದರ ಅರ್ಧಕ್ಕೂ ಕಡಿಮೆ. ಅದಕ್ಕೇ ಇದನ್ನು ಮನೆಯಲ್ಲೂ ಮಾಡಬೇಕು ಅನ್ನುವುದು ನನ್ನ ಆಸೆ.

ಇಲ್ಲಿ ಇದಕ್ಕೆ ತಾಮ್ರದ ಪುಟ್ಟ ಸೌಟು ಬಳಸುತ್ತಾರೆ. ನಮ್ಮ ಒಗ್ಗರಣೆ ಸೌಟು ಧಾರಾಳ ಸಾಕು. ಆಳ ಇರಲಿ, ತಳ ದಪ್ಪ ಇರಲಿ.

ಮೊದಲು ಸೋಡಾ ತಯಾರಿ. ಚೂರು ಮೊಟ್ಟೆಯ ಬಿಳಿಗೆ ಅಡುಗೆ ಸೋಡಾ ಹಾಕುತ್ತಾ ಗಟ್ಟಿ ಹಿಟ್ಟಿನ ಹದಕ್ಕೆ ತನ್ನಿ. ಒಂದು ಚಿಟಿಕೆ ಸಕ್ಕರೆ ಸೇರಿಸಿ. ಮೊಟ್ಟೆ ಬೇಡದವರು ನಾಲ್ಕು ಹನಿ ನೀರಲ್ಲೇ ಕಲೆಸಿ, ಉಬ್ಬುವುದು ಸ್ವಲ್ಪ ಕಡಿಮೆ, ಅಷ್ಟೇ. ಒಂದು ದಪ್ಪ ಕಡ್ಡಿಯ ತುದಿಗೆ ಸೋಯಾ ಕಾಳಿನಷ್ಟು ಮೆತ್ತಿಟ್ಟುಕೊಳ್ಳಿ.

ಸೌಟಿಗೆ ಮೂರು ದೊಡ್ಡ ಚಮಚ ಸಕ್ಕರೆ, ಒಂದೂವರೆ ಚಮಚ ನೀರು ಹಾಕಿ ಸಣ್ಣ ಉರಿಯಲ್ಲಿಡಿ. ಜಪಾನಿನವರು ಜರಮೆ ಎಂಬ ದಪ್ಪ ಹರಳಿನ ಕಂದು ಸಕ್ಕರೆ ಹಾಕುತ್ತಾರೆ. ನಮ್ಮ ಮಾಮೂಲಿ ಸಕ್ಕರೆಗೆ ಸ್ವಲ್ಪ ಕಂದು ಸಕ್ಕರೆ ಬೆರೆಸಿದರೂ ಆಯಿತು.

ಇನ್ನು ಕಣ್ಣು ಸೌಟಿನ ಮೇಲೇ ಇರಬೇಕು. ಮೊದಲು ಬರುವ ಗುಳ್ಳೆ ದೊಡ್ಡದು, ನೀರುನೀರು, ಪಟಪಟ ಒಡೆಯುತ್ತವೆ. ಬರಬರುತ್ತಾ ಸಣ್ಣದಾಗಿ, ಅಂಟಂಟಾಗಿ, ನಿಧಾನಕ್ಕೆ ಒಡೆಯುತ್ತವೆ. ಥರ್ಮಾಮೀಟರ್ ಇದ್ದರೆ 125 ಡಿಗ್ರಿಗೆ ಇಳಿಸಿ. ಇಲ್ಲದಿದ್ದರೆ ಒಂದು ಹನಿ ತಣ್ಣೀರಿಗೆ ಬಿಡಿ. ಗಟ್ಟಿ ಉಂಡೆ ಆಯಿತಾ, ಪಾಕ ಬಂತು. ಈ ಪಾಕ ಚರ್ಮಕ್ಕೆ ತಾಗಿದರೆ ಅಂಟಿಕೊಂಡು ಸುಡುತ್ತದೆ, ಮಕ್ಕಳನ್ನು ದೂರ ನಿಲ್ಲಿಸಿ.

ಇಳಿಸಿದ ಕೂಡಲೇ ಸೋಡಾ ಹಾಕಬೇಡಿ. ಕುದಿ ಅಡಗಲಿ, ನಿಧಾನವಾಗಿ ಹತ್ತು ಎಣಿಸಿ. ಆಮೇಲೆ ಕಡ್ಡಿ ಅದ್ದಿ ತಳ ಮುಟ್ಟುವ ಹಾಗೆ ಗರಗರ ತಿರುಗಿಸಿ. ಪಾಕ ಮಬ್ಬಾಗುತ್ತದೆ, ಕಡ್ಡಿ ಭಾರವಾಗುತ್ತದೆ, ತಿರುಗಿಸಿದ ಜಾಗದಲ್ಲಿ ಸೌಟಿನ ತಳ ಕಾಣುತ್ತದೆ. ಆಗ ಕಡ್ಡಿಯನ್ನು ನಡುವಿನಿಂದ ಮೆಲ್ಲಗೆ ಮೇಲಕ್ಕೆತ್ತಿ. ಒಂದೆರಡು ಕ್ಷಣ ಏನೂ ಆಗುವುದಿಲ್ಲ. ಆಮೇಲೆ ನಡು ಎದ್ದು, ಬನ್ನಿನ ಹಾಗೆ ಉಬ್ಬಿ, ನೆತ್ತಿ ಬಿರಿಯುತ್ತದೆ! ಎಷ್ಟು ಸಲ ನೋಡಿದರೂ ನನಗೆ ಖುಷಿ. ಬಿಸಿಗೆ ಸೋಡಾದಿಂದ ಅನಿಲ ಹೊರಡುತ್ತದೆ, ಅದೇ ಹೊತ್ತಿಗೆ ಸಕ್ಕರೆ ಮತ್ತೆ ಹರಳುಗಟ್ಟಿ ಆ ಗುಳ್ಳೆಗಳನ್ನು ಹಿಡಿದಿಡುತ್ತದೆ.

ಉಬ್ಬಿ ಕುಸಿದರೆ ಪಾಕ ಎಳೆಯದು. ಉಬ್ಬದೇ ಕಲ್ಲಾದರೆ ಪಾಕ ಮೀರಿದೆ. ಕಹಿ ಬಂದರೆ ಸೋಡಾ ಜಾಸ್ತಿ.

ಗಟ್ಟಿಯಾದ ಮೇಲೆ ಸೌಟಿನ ತಳವನ್ನು ಮತ್ತೆ ಸ್ವಲ್ಪ ಬಿಸಿ ಮಾಡಿದರೆ ಕರುಮೆಯಾಕಿ ತಾನೇ ಜಾರಿ ತಟ್ಟೆಗೆ ಬೀಳುತ್ತದೆ. ಅಂದೇ ತಿನ್ನಿ, ತೇವಕ್ಕೆ ಬೇಗ ಅಂಟಾಗುತ್ತದೆ. ಉಳಿದರೆ ಗಾಳಿಯಾಡದ ಡಬ್ಬಿಗೆ ಹಾಕಿ. ಸೌಟನ್ನು ಉಜ್ಜುತ್ತಾ ಕೂರಬೇಡಿ, ಸುಮ್ನೆ ಬಿಸಿನೀರು ತುಂಬಿಡಿ.