ಮಗುವಿನ ಚಿತ್ರ ದುರ್ಬಳಕೆಯಾದರೆ ಮಾಡಬೇಕಾದದ್ದು

ಮಡಿಕೇರಿಯಲ್ಲಾಗಲಿ, ವಿರಾಜಪೇಟೆಯ ತೋಟದ ಮನೆಯಲ್ಲಾಗಲಿ, ಖಾಸಗಿ ಚಿತ್ರವನ್ನಿಟ್ಟುಕೊಂಡು ಮಗುವನ್ನು ಯಾರೋ ಬೆದರಿಸುತ್ತಿದ್ದಾರೆಂದು ತಿಳಿದಾಗ, ಮೊದಲು ಮಗುವನ್ನು ಗದರಿಸದೆ ಹತ್ತಿರ ಕೂರಿಸಿಕೊಳ್ಳಿ, ತಪ್ಪು ಅದರದ್ದಲ್ಲ. ಬೆದರಿಕೆಯ ಸಂದೇಶಗಳನ್ನು ಅಳಿಸಬೇಡಿ, ಚಿತ್ರವನ್ನು ಮಾತ್ರ ಯಾರಿಗೂ ಕಳುಹಿಸಬೇಡಿ.

ಬಳಿಕ ‘ಟೇಕ್ ಇಟ್ ಡೌನ್’ ಎಂಬ ಉಚಿತ ಸೇವೆಯನ್ನು ಬಳಸಿ. ಅದು ಫೋನಿನಲ್ಲಿಯೇ ಚಿತ್ರಕ್ಕೆ ಬೆರಳಚ್ಚಿನಂಥ ಸಂಕೇತವೊಂದನ್ನು ಸಿದ್ಧಪಡಿಸುತ್ತದೆ. ಚಿತ್ರ ಫೋನಿನಲ್ಲೇ ಉಳಿದು, ಸಂಕೇತವಷ್ಟೇ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಮುಂತಾದ, ಈ ಕಾರ್ಯದಲ್ಲಿ ಕೈಜೋಡಿಸಿರುವ ವೇದಿಕೆಗಳಿಗೆ ತಲುಪುವುದರಿಂದ, ಅವು ತಮ್ಮಲ್ಲಿರುವ ಪ್ರತಿಗಳನ್ನು ಗುರುತಿಸಿ ತೆಗೆಯಬಲ್ಲವು. ಕಳುಹಿಸಿದವರು ಮತ್ತು ಪಡೆದವರು ಮಾತ್ರ ಓದಬಲ್ಲಂತೆ ಗೂಢಲಿಪೀಕರಣಗೊಂಡ ಸಂದೇಶಗಳನ್ನು ಇದು ಮುಟ್ಟಲಾರದು.

ಆದ್ದರಿಂದ ಮಕ್ಕಳ ಸಹಾಯವಾಣಿ 1098ಕ್ಕೂ ಕರೆ ಮಾಡಿ. ಊರವರೆಲ್ಲ ಪರಿಚಿತರಾಗಿರುವಲ್ಲಿ ದೂರು ಕೊಡಲು ಸಂಕೋಚ ಸಹಜ, ಆದರೆ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಇಂಥ ದೂರನ್ನು ಹೆಸರು ಹೇಳದೆಯೂ ದಾಖಲಿಸಬಹುದು.